ಟೇಪಿಗೆ ಸಿಗದ ಅಳತೆ

"ಕೈ ತೊಳಕೊಂಡು ಬರ್ರಿ, ರೊಟ್ಟಿ ಆರತಾವ," ಅಂದಿದ್ದಳು ನೀಲವ್ವ. ಅದೇ ಅವಳ ಕಡೆಯ ಮಾತು. ಅವಳು ತೀರಿಕೊಂಡ ತಿಂಗಳಲ್ಲೇ ಅವಳ ಗಂಡ, ದರ್ಜಿ ರಾಚಪ್ಪನ ಬಲಗೈಗೆ ಲಕ್ವಾ ಹೊಡೆಯಿತು. ಹೊಲಿಗೆ ನಿಂತಿತು.

ಆಸ್ಪತ್ರೆಯ ಹುಡುಗಿ ಶಾಹೀನಾ ದಿನಾ ಬಂದು ಕೈಗೆ ವ್ಯಾಯಾಮ ಮಾಡಿಸುತ್ತಿದ್ದಳು. ಕೈ ಏಳಲಿಲ್ಲ.

"ನಾಳೆಯಿಂದ ಬರಬ್ಯಾಡವ್ವ," ಅಂದುಬಿಟ್ಟ ರಾಚಪ್ಪ.

"ಇದೊಂದು ನೋಡೂಣ್ರಿ ಅಜ್ಜಾರ," ಎಂದು ಅವಳು ಸ್ನಾಯುಗಳ ಮಿಡಿತ ಹಿಡಿಯುವ ಸಣ್ಣ ಪಟ್ಟಿಯೊಂದನ್ನು ಅವನ ಮುಂಗೈಗೆ ಕಟ್ಟಿದಳು.

ರಾಚಪ್ಪನ ಕೊರಳಲ್ಲಿದ್ದ ಅಳತೆ ಟೇಪು ನಕ್ಕಿತು. "ಏನಯ್ಯಾ ಹೊಸಬ, ಈ ಊರಿನ ತೋಳುಗಳನ್ನೆಲ್ಲ ಅಳೆದವನು ನಾನು. ಈ ಕೈ ಕಾಲಿಂಚೂ ಅಲುಗಿಲ್ಲ. ನೀನೇನು ಅಳೆಯುತ್ತೀ?"

"ಅಲುಗಿದ್ದನ್ನು ನೀವು ಅಳೆಯಿರಿ, ಹಿರಿಯರೇ. ಅಲುಗಬೇಕೆಂದು ಒಳಗೆ ಒದ್ದಾಡುವುದನ್ನು ನಾನು ಕೇಳುತ್ತೇನೆ. ಸ್ವಲ್ಪ ಸುಮ್ಮನಿರಿ," ಎಂದಿತು ಪಟ್ಟಿ.

ಶಾಹೀನಾ ಕೈ ಎತ್ತಲು ಹೇಳಿದಳು. ರಾಚಪ್ಪ ಹಲ್ಲು ಕಚ್ಚಿದ. ಕೈ ಬಿದ್ದಲ್ಲೇ ಬಿದ್ದಿತ್ತು. ಆದರೆ ಪಟ್ಟಿಗೆ ಜೋಡಿಸಿದ್ದ ಅವಳ ಫೋನಿನ ಪರದೆಯಲ್ಲಿ ಮಲಗಿದ್ದ ಗೆರೆ ಎದ್ದು ಕುಣಿಯಿತು.

"ನೋಡ್ರಿ ಅಜ್ಜಾರ! ನಿಮ್ಮ ಕೈ ಸುಮ್ಮನ ಬಿದ್ದಿಲ್ಲ, ಏಳಾಕ ಹೆಣಗಾಡಾಕತ್ತೈತಿ!"

ರಾಚಪ್ಪ ಆ ಗೆರೆಯನ್ನೇ ನೋಡುತ್ತ ಕೂತ.

ಟೇಪು ಬಗ್ಗಿ ನೋಡಿತು. "ಇಷ್ಟು ವರ್ಷ ಇವನ ಕೊರಳಲ್ಲೇ ಇದ್ದೆ. ಇದು ನನಗೆ ತಿಳಿಯಲೇ ಇಲ್ಲವಲ್ಲಪ್ಪಾ!"

"ಅವನಿಗೂ ತಿಳಿದಿರಲಿಲ್ಲ," ಎಂದಿತು ಪಟ್ಟಿ.

ಮರುದಿನ ಬೆಳಗ್ಗೆ, ಶಾಹೀನಾ ಬರುವ ಹೊತ್ತಿಗಿಂತ ಬಹಳ ಮುಂಚೆಯೇ, ರಾಚಪ್ಪ ಎಡಗೈಯಿಂದ ಅಂಗಿಯ ಬಲತೋಳನ್ನು ಮಡಚಿಕೊಂಡು ಬಾಗಿಲಲ್ಲಿ ಕೂತಿದ್ದ.