ಬೆನ್ನ ಮೇಲಿನ ಉಪ್ಪು

"ಗುರುಗಳೇ, ಹೆಸರು ಕೆಟ್ಟ ಮನೆಯ ಭಿಕ್ಷೆ ಬಿಟ್ಟು ಬಂದರೆ ವ್ರತ ಉಳಿಯುತ್ತದೆ ತಾನೇ?" ಎಂದು ಕರಿಸಿದ್ಧ ಕೇಳಿದ.

ಭಿಕ್ಷೆಗೆಂದು ಬಿಸಿಲಲ್ಲಿ ನಾಲ್ಕು ಊರು ಸುತ್ತಿ ಬಂದಿದ್ದ. ದೇವೀರಮ್ಮನ ಬಾಗಿಲನ್ನು ಮಾತ್ರ ತಲೆ ತಗ್ಗಿಸಿ ದಾಟಿದ್ದ. ಆಕೆಯ ವಿಷಯ ಊರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಕರೆದು ಕೂರಿಸಿ ಹೇಳುವವರೂ ಇದ್ದರು. ಅವನ ಕೈ ಸಣ್ಣಗೆ ನಡುಗುತ್ತಿತ್ತು.

ಮುಪ್ಪಯ್ಯನವರು ಪಕ್ಕದ ತಂಬಿಗೆಯಿಂದ ಒಂದು ಲೋಟ ಮಜ್ಜಿಗೆ ಬಗ್ಗಿಸಿ ಅವನ ಮುಂದಿಟ್ಟರು. "ಕುಡಿಯುತ್ತಾ ಕೇಳು," ಎಂದು ಕತೆ ಹೇಳಿದರು.

ಒಬ್ಬ ಓಲೆಕಾರನಿದ್ದ. ಸೊಂಟಕ್ಕೆ ಗೆಜ್ಜೆ ಕಟ್ಟಿ ಓಡುವುದು ಅವನ ಕೆಲಸ. ಗೆಜ್ಜೆ ಬಿಚ್ಚುವ ತನಕ ಯಜಮಾನನ ಉಪ್ಪಲ್ಲದೆ ಬೇರೆಯವರ ಉಪ್ಪು ನಾಲಿಗೆಗೆ ತಾಗಬಾರದು ಎಂಬುದು ಅವನ ಕುಲದ ನಿಯಮ. ನೀರಿಗೆ ಲೆಕ್ಕವಿಲ್ಲ, ನೀರು ಎಲ್ಲರದು.

ಒಂದು ದಿನ ಬೆಳಗ್ಗೆ ಯಜಮಾನ ಅವನಿಗೆ ಮುದ್ದೆ ಉಣ್ಣಿಸಿ, ಓಲೆಯೊಂದನ್ನು ಕೊಟ್ಟ. "ಗೋಧೂಳಿಗೆ ನನ್ನ ತಂಗಿಯ ಮಗಳ ಮದುವೆ, ಗಂಡಿನ ಮನೆಯಲ್ಲಿ. ಆ ಗಂಡಿಗೆ ಆಗಲೇ ಒಬ್ಬಳು ಹೆಂಡತಿ ಇದ್ದಾಳಂತೆ. ತಾಳಿ ಕಟ್ಟುವುದರೊಳಗೆ ಇದು ತಲುಪದಿದ್ದರೆ ಆ ಹುಡುಗಿ ಬಾವಿಗೆ ಬಿದ್ದ ಹಾಗೆ."

ದಾರಿ ಹತ್ತು ಹರದಾರಿ. ಓಲೆಕಾರ ಓಲೆಯನ್ನು ತಲೆಯ ರುಮಾಲಿಗೆ ಸಿಕ್ಕಿಸಿಕೊಂಡು ಓಡಿದ. ಮೊದಲ ಬಾವಿಯಲ್ಲಿ ಹೊಟ್ಟೆ ತುಂಬ ನೀರು ಕುಡಿದ. ಎರಡನೆಯದರಲ್ಲಿ ಇನ್ನೂ ಹೆಚ್ಚು ಕುಡಿದ. ಮೂರನೆಯ ಬಾವಿಯ ಬಳಿ ಆಲದ ನೆರಳಲ್ಲಿ ಒಬ್ಬಳು ಮಜ್ಜಿಗೆ ಮಾರುತ್ತಿದ್ದಳು. ಒಂಟಿ ಹೆಂಗಸು. ಗಂಡ ಓಡಿಹೋದನೋ, ಇವಳೇ ಓಡಿಸಿದಳೋ, ಊರಿಗೊಂದು ಕತೆ. ಅವಳ ಕೈಯಲ್ಲಿ ಮಜ್ಜಿಗೆ ಕುಡಿದವರೇ ಮೂರು ಹೆಜ್ಜೆ ಆಚೆ ಹೋಗಿ ಮೀಸೆ ಒರೆಸಿಕೊಂಡು ಅವಳನ್ನು ಆಡಿಕೊಳ್ಳುತ್ತಿದ್ದರು.

"ಏನಣ್ಣ, ಬೆನ್ನು ನೋಡಿಕೊಂಡಿದ್ದೀಯಾ? ಸುಣ್ಣ ಬಳಿದ ಗೋಡೆ ಆಗಿದೆ," ಎಂದಳು. "ನಿನ್ನ ಯಜಮಾನನ ಉಪ್ಪೆಲ್ಲ ಅಂಗಿ ಮೇಲೆ ಬಂದು ಕೂತಿದೆ. ಬರೀ ನೀರು ಸುರಿದುಕೊಂಡರೆ ಒಳಗಿರೋ ಚೂರೂ ತೊಳೆದುಹೋಗುತ್ತೆ. ಉಪ್ಪು ಹಾಕಿದ್ದೀನಿ, ಒಂದು ಲೋಟ ಕುಡಿ."

"ನಿನ್ನ ಉಪ್ಪು ತಿಂದೆ ಅಂದರೆ ಜನ ಏನಂತಾರೆ?"

"ಜನ ಅಂದದ್ದನ್ನೆಲ್ಲ ನಾನು ಕುಡಿದು ಅರಗಿಸಿಕೊಂಡಿದ್ದೀನಿ. ನೀನು ಮಜ್ಜಿಗೆ ಕುಡಿ, ಸಾಕು."

ಓಲೆಕಾರ ಮುಖ ತಿರುಗಿಸಿ, ಬಾವಿಯಿಂದ ಎರಡು ಕೊಡ ನೀರು ಸೇದಿ ಕುಡಿದು ಓಡಿದ.

ಆಮೇಲೆ ದಾರಿ ಮೆತ್ತಗಾಯಿತು. ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಗೆಜ್ಜೆಯ ಸದ್ದು ಅವನನ್ನು ಬಿಟ್ಟು ಹಿಂದೆಲ್ಲೋ ಓಡಿ ಬರುತ್ತಿತ್ತು. ಹೊಲದ ಬೆದರುಬೊಂಬೆ ಹೆಸರು ಹಿಡಿದು ಕರೆಯಿತು. ಅವನು ನಿಂತು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದ. ಬೆರಳು ಊದಿ ಉಂಗುರ ಬಿಗಿಯಿತು. ಬಾಯಾರಿಕೆ ಎಂದುಕೊಂಡು ನಾಲ್ಕನೆಯ ಬಾವಿಯಲ್ಲಿ ಕುಡಿದ, ಐದನೆಯದರಲ್ಲಿ ಕುಡಿದ. ಕುಡಿದಷ್ಟೂ ಹಗುರಾದ. ತಾನು ಯಾರು, ಯಾಕೆ ಓಡುತ್ತಿದ್ದೇನೆ ಎಂಬುದು ನೀರಿಗೆ ಬಿದ್ದ ರಂಗೋಲಿಯಂತೆ ಮೆಲ್ಲಗೆ ಕದಡಿಹೋಯಿತು. ಕಾಲುಗಳಿಗೆ ಮಾತ್ರ ದಾರಿ ನೆನಪಿತ್ತು.

ಗೋಧೂಳಿಗೆ ಇನ್ನೂ ಎರಡು ಗಳಿಗೆ ಇರುವಾಗ ಅವನು ಮದುವೆ ಮನೆಯ ಚಪ್ಪರದಲ್ಲಿದ್ದ. ಯಾಕೆ ಬಂದೆ ಎಂದು ಕೇಳಿದರೆ ನಕ್ಕ. ಯಾರೋ ಅವನ ಗೆಜ್ಜೆ ಬಿಚ್ಚಿ ಪಕ್ಕಕ್ಕಿಟ್ಟರು. ಹಸೆಗೆ ಹೊರಟಿದ್ದ ಮದುಮಗ, ಪಾಪ ದಣಿದಿದ್ದಾನೆ ಎಂದು ತಾನೇ ರಟ್ಟೆ ಹಿಡಿದು ಕೂರಿಸಿ ಎಲೆ ಹಾಕಿಸಿದ. ಅನ್ನ ಬಂತು, ಉಪ್ಪಿನಕಾಯಿ ಬಂತು. ಓಲೆಕಾರ ಉಂಡ. ಮತ್ತೆ ಹಾಕಿಸಿಕೊಂಡು ಉಂಡ. ಉಪ್ಪು ಮೈಗೆ ಹತ್ತುತ್ತಾ ಬಂದ ಹಾಗೆ ಮೊದಲು ಬೆರಳು ಅವನದಾಯಿತು, ಆಮೇಲೆ ಹೆಸರು, ಆಮೇಲೆ ಯಜಮಾನನ ಮುಖ. ಕೊನೆಗೆ ಓಲೆ ನೆನಪಾಯಿತು. ಎಂಜಲು ಕೈಯನ್ನೇ ರುಮಾಲಿಗೆ ಹಾಕಿದ.

ಗಟ್ಟಿಮೇಳ ನಿಂತಿತ್ತು. ಹೆಂಗಸರು ಅಕ್ಷತೆಯ ತಟ್ಟೆ ಕೆಳಗಿಡುತ್ತಿದ್ದರು.

ಹುಡುಗಿಯ ತಂದೆ ಓಲೆ ಬಿಚ್ಚಿ ಓದಿದ. ಗಂಡಿನ ಮೊದಲ ಹೆಂಡತಿ ಬದುಕಿದ್ದಾಳೆ, ದಾರಿಯ ಮೂರನೆಯ ಬಾವಿಯ ಹತ್ತಿರ ಮಜ್ಜಿಗೆ ಮಾರುತ್ತಾಳೆ, ಬೇಕಾದರೆ ಹೋಗಿ ಕೇಳಿ ಎಂದು ಬರೆದಿತ್ತು. ಹುಡುಗಿ ಕೊರಳಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಓಲೆಕಾರನನ್ನು ನೋಡಿದಳು. ಅವನ ಬಾಯಲ್ಲಿ ಇನ್ನೂ ಆ ಮನೆಯ ಉಪ್ಪಿನಕಾಯಿ ಇತ್ತು.

ಮುಪ್ಪಯ್ಯನವರು ಕತೆಯನ್ನು ಅಲ್ಲಿಗೆ ಮುಗಿಸಿದರು.

ಕರಿಸಿದ್ಧ ಲೋಟ ಬರಿದು ಮಾಡಿ ಕೆಳಗಿಟ್ಟ. ಕೈಯ ನಡುಕ ನಿಂತಿತ್ತು. "ಆದರೂ ಗುರುಗಳೇ, ದಾರಿಯಲ್ಲಿ ಅವನು ನಿಯಮ ಮುರಿಯಲಿಲ್ಲವಲ್ಲ," ಎಂದ.

"ತಂಬಿಗೆ ತೊಳೆದು ದೇವೀರಮ್ಮನಿಗೆ ಕೊಟ್ಟು ಬಾ. 'ಆ ಹುಡುಗನ ಮುಖ ಬಿಳಿಚಿದೆ, ಉಪ್ಪು ಹಾಕಿದ್ದೀನಿ, ಕುಡಿಸಿ' ಎಂದು ಆಕೆ ನಿನಗಿಂತ ಮೊದಲೇ ಬಂದು ಇಟ್ಟು ಹೋದಳು," ಎಂದರು ಮುಪ್ಪಯ್ಯನವರು.