ಬಂಗುಡೆಯ ಬೆನ್ನಿಗೆ ಸೊಟ್ಟ ಗೆರೆ

ಕಡಲಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿದಿರದ ಕಾಲ ಅದು. ಆಗ ಮೀನುಗಳಿಗೆಲ್ಲ ಒಂದೇ ಬಣ್ಣ, ಈಗಷ್ಟೇ ತೊಳೆದಿಟ್ಟ ಬೆಳ್ಳಿ ಚಮಚದ ಹಾಗೆ. ಯಾರು ಯಾರೆಂದು ಅವಕ್ಕೇ ತಿಳಿಯುತ್ತಿರಲಿಲ್ಲ. ಒಬ್ಬರ ಮದುವೆಗೆ ಹೊರಟವರು ಇನ್ನೊಬ್ಬರ ಮದುವೆಯಲ್ಲಿ ಉಂಡು ಬರುತ್ತಿದ್ದರು.

ಬಂಗುಡೆಯಕ್ಕನಿಗೆ ಮಕ್ಕಳು ಬಹಳ. ಎಲ್ಲರಿಗಿಂತ ಕಿರಿಯವನು ಪೀಚು. ಒಂದು ಬೆಳಿಗ್ಗೆ ಅವನು ಆಡುತ್ತಾ ಆಡುತ್ತಾ ಪಕ್ಕದ ಬೂತಾಯಿ ಮೀನಿನ ಮಕ್ಕಳ ಗುಂಪಿಗೆ ಸೇರಿಬಿಟ್ಟ. ಬೂತಾಯಿಯೋ, ಸಂಸಾರ ಸಮೇತ ದೂರದ ಕಡಲಿಗೆ ಹೊರಟು ನಿಂತಿದ್ದಳು.

ಬಂಗುಡೆಯಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು. “ಸ್ವಲ್ಪ ನಿಲ್ಲು ಮಾರಾಯ್ತಿ! ನನ್ನ ಪೀಚು ನಿನ್ನ ಮಕ್ಕಳ ನಡುವೆ ಇದ್ದಾನೆ.”

“ನನಗೂ ಗುರುತು ಸಿಗುವುದಿಲ್ಲ. ಹೊತ್ತಾಯಿತು, ಯಾವುದಾದರೂ ಒಂದನ್ನು ಕರೆದುಕೊಂಡು ಹೋಗು,” ಅಂದಳು ಬೂತಾಯಿ.

“ಯಾವುದೋ ಒಂದು ಅಂದರೆ ಹೇಗೆ? ನನ್ನದು ನನಗೆ ಬೇಕು!”

“ಪೀಚೂ!” ಎಂದು ಬಂಗುಡೆಯಕ್ಕ ಕೂಗಿದಳು. ಆಟವೆಂದುಕೊಂಡು ಮಕ್ಕಳೆಲ್ಲ “ಓ!” ಅಂದರು.

“ಯಾರಿಗೆ ಹಸಿವು?”

“ನನಗೆ! ನನಗೆ! ನನಗೆ!”

ಬಂಗುಡೆಯಕ್ಕನಿಗೆ ಅಳು ಬಂತು. ಆದರೆ ನೀರೊಳಗೆ ಅತ್ತರೆ ಯಾರಿಗೆ ಕಾಣುತ್ತದೆ?

ಕೊನೆಗೆ “ಸರಿ, ನಾನು ಹೊರಟೆ,” ಎಂದು ಬೆನ್ನು ತಿರುಗಿಸಿದಳು. ಮಕ್ಕಳೆಲ್ಲ ಆಡುತ್ತಲೇ ಇದ್ದರು. ಒಬ್ಬನೇ ಒಬ್ಬ ಮಾತ್ರ, “ಅಮ್ಮಾ, ಬಿಟ್ಟು ಹೋಗಬೇಡ!” ಎಂದು ಬಾಲ ಬಡಿಯುತ್ತಾ ಹಿಂದೆಯೇ ಬಂದ.

ಅಕ್ಕ ಅವನನ್ನು ಮುದ್ದಾಡಿದಳು. ಆಮೇಲೆ ಬೆನ್ನಿಗೊಂದು ಏಟು ಬಿಟ್ಟಳು.

ಇನ್ನು ಹೀಗಾಗಬಾರದೆಂದು ಮಕ್ಕಳನ್ನೆಲ್ಲ ಸಾಲಾಗಿ ಬೊಂಡಾಸಜ್ಜನ ಹತ್ತಿರ ಕರೆದೊಯ್ದಳು. ಅಜ್ಜ ಬೊಂಡಾಸ್ ಮೀನಲ್ಲವೇ, ಹೊಟ್ಟೆ ತುಂಬ ಶಾಯಿ, ಬರೆಯಲು ಬೇಕಾದಷ್ಟು ಕೈ.

“ಅಜ್ಜಾ, ಇವರ ಬೆನ್ನಿಗೆ ನೆಟ್ಟಗೆ ಗೆರೆ ಎಳೆದುಕೊಡಿ.”

ಅಜ್ಜ ಪೀಚುವಿನ ಬೆನ್ನು ಮುಟ್ಟಿದ್ದೇ ತಡ, ಅವನು ಕಚಗುಳಿಯಾಗಿ ಹೊರಳಿದ. ಅವನು ನಕ್ಕದ್ದು ನೋಡಿ ಉಳಿದವರೂ ಹೊರಳಿದರು.

“ಅಲುಗಾಡಬೇಡ್ರೋ! ಎಲ್ಲ ಸೊಟ್ಟ ಆಯ್ತಲ್ಲ ಮಗಳೇ!”

“ಆಗಲಿ ಅಜ್ಜಾ, ಗುರುತು ಸಿಕ್ಕಿದರೆ ಸಾಕು.”

ಇದನ್ನು ನೋಡಿ ಬೂತಾಯಿಯೂ ಗಂಟುಮೂಟೆ ಇಳಿಸಿ ಬಂದಳು. ಅಷ್ಟರಲ್ಲಿ ಶಾಯಿ ತಳ ಕಂಡಿತ್ತು. ಅವಳ ಮಕ್ಕಳಿಗೆ ಕೆನ್ನೆಯ ಹಿಂದೆ ಒಂದೊಂದು ಬೊಟ್ಟು ಇಟ್ಟು, “ದೃಷ್ಟಿಗೂ ಆಯ್ತು, ಗುರುತಿಗೂ ಆಯ್ತು,” ಅಂದ ಅಜ್ಜ.

ಅದಕ್ಕೇ ಮಗೂ, ಮೀನಿನ ಬುಟ್ಟಿಯ ಮುಂದೆ ಕುಳಿತು ನೀನು ಯಾರನ್ನೂ ಕೇಳದೆ “ಇದು ಬಂಗುಡೆ” ಅನ್ನುತ್ತೀಯಲ್ಲ, ಆಗ ಅದರ ಬೆನ್ನು ನೋಡು: ಗೆರೆಗಳೆಲ್ಲ ಇವತ್ತಿಗೂ ಕಚಗುಳಿ ತಡೆಯಲಾರದೆ ಹೊರಳಾಡುತ್ತಿವೆ.