ಬಣ್ಣದ ಮನೆಯ ಪಾಲು ನುಡಿದ ಕಥೆ

ದೀಪದ ಬತ್ತಿಯನ್ನು ಮುಂದಕ್ಕೆ ಮಾಡಿ, ಅಕ್ಷತೆಯನ್ನು ಬಲಗೈಯಲ್ಲಿ ಹಿಡಿದು, ಮಾತು ನಿಲ್ಲಿಸಿ ಕೇಳುವಂಥವರಾಗಿ. ನುಡಿಗೌರಿಯ ಕಥೆಯನ್ನು ಅರ್ಧಕ್ಕೆ ಬಿಟ್ಟು ಎದ್ದವರ ಮನೆಯಲ್ಲಿ ಪಾಲಿನ ಮಾತೂ ಅರ್ಧಕ್ಕೇ ನಿಲ್ಲುವುದೆಂದು ಹಿರಿಯರು ಹೇಳಿರುವರಾದ್ದರಿಂದ, ಒಲೆಯ ಮೇಲೆ ಹಾಲಿಟ್ಟವರು ಈಗಲೇ ಇಳಿಸಿ ಬಂದು ಕೂರುವುದು.

ಕೆಂಬೊಳೆಯೆಂಬ ಪಟ್ಟಣದಲ್ಲಿ ಬಣ್ಣಗಾರರ ಹೊನ್ನಾಜಮ್ಮನೆಂಬುವಳು ಇದ್ದಳು. ಗಂಡ ತೀರಿಹೋದ ಮೇಲೆ ಮನೆಯ ಯಜಮಾನಿಕೆಯನ್ನೂ ಬಣ್ಣದ ಹಂಡೆಗಳನ್ನೂ ತಾನೇ ನಡೆಸುತ್ತ, ಇಬ್ಬರು ಗಂಡುಮಕ್ಕಳನ್ನು ಸಾಕಿ ಸಲಹಿ, ಇಬ್ಬರಿಗೂ ಮದುವೆ ಮಾಡಿದಳು. ಆ ಮನೆಯಲ್ಲಿ ಹಾಕಿದ ಕೆಂಪು ನೂರು ಸಲ ಒಗೆದರೂ ಬಿಡುತ್ತಿರಲಿಲ್ಲ. ಮಂಜಿಷ್ಠೆಯ ಬೇರು, ಅಳಲೆಕಾಯಿ, ಪಟಿಕ ಇವಿಷ್ಟು ಊರಿನ ಎಲ್ಲ ಬಣ್ಣಗಾರರಿಗೂ ಗೊತ್ತು. ಅದರ ಮೇಲೆ ಇನ್ನೇನು ಹಾಕಬೇಕು, ಯಾವ ಹದದಲ್ಲಿ ಹಾಕಬೇಕು ಎಂಬುದು ಮಾತ್ರ ಹೊನ್ನಾಜಮ್ಮನೊಬ್ಬಳಿಗೇ ಗೊತ್ತು. ಅವಳಿಗೆ ಅವಳ ಅತ್ತೆ ಹೇಳಿದ್ದು, ಆ ಅತ್ತೆಗೆ ಅವಳ ಅತ್ತೆ ಹೇಳಿದ್ದು. ಹೊಲ ಗದ್ದೆ ಇಲ್ಲದ ಆ ಮನೆಗೆ ಆ ಕೆಂಪೇ ಆಸ್ತಿ.

ಹಿರಿಯ ಸೊಸೆ ಸಾತವ್ವ. ಕೆಲಸದಲ್ಲಿ ಚುರುಕು, ಕೈ ಶುದ್ಧ, ಮಾತು ಖಡಕ್ಕು. ಇವಳಿಗೆ ಕೊರತೆಯೆಂದರೆ ಒಂದೇ, ಬೇರೆಯವರ ಎಲೆಗೆ ಏನು ಬಡಿಸಿದರೆಂದು ನೋಡದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಕಿರಿಯ ಸೊಸೆ ಚೆಲುವಿ ಆ ಮನೆಗೆ ಕಾಲಿಟ್ಟ ದಿನದಿಂದ ಸಾತವ್ವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿ, ಬೂದಿ ಮುಚ್ಚಿಕೊಂಡು ಒಳಗೊಳಗೇ ಉರಿಯತೊಡಗಿತು. ಅತ್ತೆ ಚೆಲುವಿಗೆ ಕೆನೆಮೊಸರು ಬಡಿಸಿದಳು, ನನಗೆ ಗಡಿಗೆಯ ತಳದ್ದು. ಅತ್ತೆ ಚೆಲುವಿಯ ತಲೆಗೆ ಎಣ್ಣೆ ಹಾಕಿದಳು, ನನ್ನ ಜಡೆಯನ್ನು ಮುಟ್ಟಿ ಎಷ್ಟು ದಿನವಾಯಿತು. ಹೀಗೆ ಎಣಿಸಿ ಎಣಿಸಿ, ತನಗೆ ಬಂದದ್ದನ್ನು ಮರೆತು ಅವಳಿಗೆ ಹೋದದ್ದನ್ನೇ ನೆನೆದು, ಸಾತವ್ವ ಸೊರಗುತ್ತಿದ್ದಳು.

ಹೀಗಿರಲಾಗಿ ಒಂದು ದಿನ ಹೊನ್ನಾಜಮ್ಮನು ಚೆಲುವಿಯನ್ನು ಬಣ್ಣದ ಕೊಟ್ಟಿಗೆಗೆ ಕರೆದು, ಕುದಿಯುವ ಹಂಡೆಯಿಂದ ಮರದ ಹುಟ್ಟಿನಲ್ಲಿ ಬಣ್ಣ ತೆಗೆದು ಆರಿಸಿ, ಬೆರಳು ಅದ್ದಿ ಅವಳ ನಾಲಿಗೆಗೆ ಹಚ್ಚಿ, "ಒಗರೋ ಹುಳಿಯೋ ಹೇಳು ಮಗಾ" ಎಂದು ಕೇಳಿದಳು. ಬಾಗಿಲ ಸಂದಿಯಿಂದ ಇದನ್ನು ಕಂಡ ಸಾತವ್ವನಿಗೆ ನಿಂತ ನೆಲ ಕುಸಿದ ಹಾಗಾಯಿತು. ಕೆಂಪು ಚೆಲುವಿಗೆ ಹೋಗುತ್ತದೆ, ಮುಂದೆ ತಾನು ಅವಳ ಕೈ ಕೆಳಗೆ ಹಂಡೆ ತೊಳೆದುಕೊಂಡು ಬದುಕಬೇಕು ಎಂದುಕೊಂಡು, ಅಂದಿನಿಂದ ನಿದ್ದೆಯನ್ನೂ ಕಳೆದುಕೊಂಡಳು.

ಇಬ್ಬರು ಸೊಸೆಯರು ಕೂಡಿದ ವರುಷದಿಂದ ನುಡಿಗೌರಿಯ ವ್ರತ ಹಿಡಿಯುವುದು ಆ ಮನೆಯ ಪದ್ಧತಿ. ಮಾಘಮಾಸದ ಶುದ್ಧ ತದಿಗೆಯ ಸಂಜೆ, ಮುತ್ತೈದೆಯಾಗಲಿ ಅಲ್ಲದಿರಲಿ, ಮನೆಗೆ ಹಿರಿಯರಾದವರು ತಲೆಗೆ ಮಿಂದು, ಗೂಡಿನಲ್ಲಿ ದೀಪ ಹಚ್ಚಿ, ಅರಿಶಿನದ ಗೌರಿಯನ್ನು ಇಟ್ಟು, ಹಲಗೆಯ ಮೇಲೆ ಕುಳಿತು, ತಮ್ಮ ಬಾಯಿಂದಲೇ ತಾವು ಕಣ್ಣು ಮುಚ್ಚಿದ ಮೇಲೆ ಇಂಥದ್ದು ಇಂಥವರಿಗೆ ಎಂದು ಎಲ್ಲರೂ ಕೇಳುವಂತೆ ನುಡಿಯಬೇಕು. ನೆರೆಮನೆಯ ಇಬ್ಬರು ಸಾಕ್ಷಿಗೆ ಕೂತು, ಒಬ್ಬರು ಓಲೆಯಲ್ಲಿ ಬರೆಯಬೇಕು. ಕೇಳಿದವರು ಅಕ್ಷತೆ ಹಾಕಿ "ಕೇಳಿದೆ" ಅನ್ನಬೇಕು. ಮನಸ್ಸು ಬದಲಾದರೆ ಮುಂದಿನ ವರುಷ ಬೇರೆ ನುಡಿಯಬಹುದು. ಕೊನೆಯ ವರುಷ ನುಡಿದದ್ದೇ ನಿಲ್ಲುವುದು.

ತದಿಗೆಯ ಸಂಜೆ ಹಲಗೆ ಹಾಕಿಯಾಗಿತ್ತು, ನೆರೆಯವರು ಬಂದು ಕೂತಿದ್ದರು. ಆಗ ಸಾತವ್ವ ಕಂಬಕ್ಕೆ ಒರಗಿ ಗೊಳೋ ಎಂದು ಅಳತೊಡಗಿದಳು. ಏನೆಂದು ಕೇಳಲಾಗಿ, "ಬೆಳಗಿನ ಜಾವ ಕನಸು ಬಿತ್ತು. ಅತ್ತೆಮ್ಮ ಇದೇ ಹಲಗೆ ಮೇಲೆ ಕೂತವ್ರೆ, ಬಾಗಿಲಲ್ಲಿ ಕೋಣ ಬಂದು ನಿಂತೈತೆ. ಬದುಕಿರೋವಾಗ್ಲೇ ಪಾಲಿನ ಮಾತಾಡಿ ಯಮನಿಗೆ ವೀಳ್ಯ ಕೊಡೋದು ಬ್ಯಾಡಿ" ಎಂದಳು. ಆ ಕನಸು ಬಿದ್ದಿರಲೇ ಇಲ್ಲ. ಆದರೆ ಗಂಡುಮಕ್ಕಳಿಬ್ಬರೂ ಕೋಣದ ಹೆಸರು ಕೇಳಿ ಬೆವತು, ತಾಯಿಯನ್ನು ಕೈಹಿಡಿದು ಎಬ್ಬಿಸಿ, ಹಲಗೆಯನ್ನು ಅಟ್ಟಕ್ಕೆ ಸೇರಿಸಿದರು. ತಾಯಿ ಹೋಗಿಬಿಟ್ಟಾಳೆಂಬ ಹೆದರಿಕೆಯಲ್ಲಿ ಅವಳ ಬಾಯಿ ಕಟ್ಟುವವರೇ ಲೋಕದಲ್ಲೆಲ್ಲ ಹೆಚ್ಚು. ಮರುವರುಷ ಹಲ್ಲಿ ನುಡಿಯಿತೆಂದು ಸಾತವ್ವ ತಪ್ಪಿಸಿದಳು. ಮೂರನೆಯ ವರುಷ ತಪ್ಪಿಸುವ ಅಗತ್ಯವೇ ಬೀಳಲಿಲ್ಲ. ತದಿಗೆಗೆ ಎಂಟು ದಿನ ಮುಂಚೆ ಹೊನ್ನಾಜಮ್ಮನಿಗೆ ಲಕ್ವ ಹೊಡೆದು, ಎಡಮೈ ಬಿದ್ದುಹೋಗಿ, ನಾಲಿಗೆ ಹೊರಳದಾಯಿತು.

ಅಂದಿನಿಂದ ಆ ಮನೆಯ ಕೆಂಪು ಕೆಟ್ಟಿತು. ಮಕ್ಕಳು ತಮಗೆ ತಿಳಿದಂತೆ ಬೇರು ಬೇಯಿಸಿ ಹಾಕಿದ ಬಣ್ಣ ಮೊದಲ ನೀರಿಗೇ ಬಿಟ್ಟು, ಧಣಿಗಳ ಮನೆಯ ಮದುವೆಯಲ್ಲಿ ಮದುಮಗಳ ಸೀರೆಯ ಕೆಂಪು ಮದುಮಗನ ಬಿಳಿ ಪಂಚೆಗೆ ಹತ್ತಿ, ಊರೆಲ್ಲ ನಕ್ಕಿತು. ಗಿರಾಕಿಗಳು ಬೇರೆ ಬೀದಿಗೆ ಹೋದರು. ಅಣ್ಣತಮ್ಮಂದಿರು ನಿನ್ನಿಂದ ನಿನ್ನಿಂದ ಎಂದು ಕಿತ್ತಾಡಿ, ಮನೆಯ ನಡುವೆ ಸುಣ್ಣದ ಗೆರೆ ಎಳೆದುಕೊಂಡರು. ಒಲೆ ಒಬ್ಬನ ಕಡೆ ಬಿತ್ತು, ಹಂಡೆ ಇನ್ನೊಬ್ಬನ ಕಡೆ. ಪಂಚರು ಬಂದು, ಹಿರಿಯಳು ಏನು ನುಡಿದಿದ್ದಳೆಂದು ಕೇಳಿ, ಏನೂ ನುಡಿದಿಲ್ಲವೆಂದು ತಿಳಿದು, ಎಲೆಅಡಿಕೆ ಹಾಕಿಕೊಂಡು ಎದ್ದುಹೋದರು. ಎರಡು ಕಡೆಯೂ ಅಂಬಲಿಗೆ ಬಂದು ನಿಂತಿತು.

ಹೊನ್ನಾಜಮ್ಮನ ಹಾಸಿಗೆ ಮಾತ್ರ ನಡುಮನೆಯಲ್ಲಿ ಗೆರೆಯ ಮೇಲೆಯೇ ಇತ್ತು. ದಿನಕ್ಕೆ ಹತ್ತು ಸಲ ಅವಳು ಬಲಗೈಯೆತ್ತಿ ತೋರುತ್ತಿದ್ದಳು, ಗಂಟಲಲ್ಲಿ ಏನೋ ಗೊರಗೊರ ಅನ್ನುತ್ತಿದ್ದಳು. ಕೈ ಎತ್ತಿದಾಗಲೆಲ್ಲ ಅದು ಗೋಡೆಯ ಬುಡದಲ್ಲಿ ಕೂತು ರಾಗಿ ಬೀಸುವ ಚೆಲುವಿಯ ಕಡೆಗೇ ಹೋಗುವುದು. ಸಾತವ್ವ ಎದುರಿಗೆ ಕೂತು ಆ ಕೈಯನ್ನೇ ಕಾಯುವಳು. ಒಮ್ಮೆ ಚೆಲುವಿಯನ್ನು ಬೇರೆ ಕೆಲಸಕ್ಕೆ ಅಟ್ಟಿ ತಾನೇ ಬೀಸುವ ಕಲ್ಲಿನ ಮುಂದೆ ಹೋಗಿ ಕೂತಳು. ಅಂದು ಕೈ ಏಳಲೇ ಇಲ್ಲ. ಬಾಯಿಲ್ಲದೆ ಬಿದ್ದವಳೂ ಚೆಲುವಿಯನ್ನೇ ಆರಿಸುತ್ತಾಳೆಂದು ಸಾತವ್ವ ಕಲ್ಲಿನ ಮೇಲೆ ತಲೆಯಿಟ್ಟು ಅತ್ತಳು. ಅತ್ತೆಯ ಮೇಲಿನ ಮರುಕದಿಂದ ಅತ್ತಳೆಂದುಕೊಂಡು ಚೆಲುವಿ ಬಂದು ಬೆನ್ನು ಸವರಿದಳು. ಅದನ್ನೂ ಸಾತವ್ವನಿಗೆ ಸಹಿಸಲಾಗಲಿಲ್ಲ.

ಹೀಗೆ ಕಾಲ ಕಳೆಯುತ್ತಿರಲು, ಮುಂದಿನ ಮಾಘಮಾಸದಲ್ಲಿ ಅರಿಶಿನದ ಕೊಂಬು ಮಾರುವ ಮುದುಕಿಯೊಬ್ಬಳು ಬಾಗಿಲಿಗೆ ಬಂದು ನೀರು ಕೇಳಿದಳು. ಆಕೆ ಸಾಕ್ಷಾತ್ ನುಡಿಗೌರಿ. ಆದರೆ ದೇವರು ಬಂದು ನಿಂತರೆ ನಮಗೆ ಗುರುತು ಸಿಕ್ಕುವುದು ಯಾವಾಗ? ಸಾತವ್ವ ನೀರು ಕೊಟ್ಟು, ಮನೆಯವರ ಮುಂದೆ ಆಡಲಾರದ ಮಾತನ್ನು ದಾರಿಹೋಕಳ ಮುಂದೆ ಆಡಿದಳು. "ಅಜ್ಜೀ, ನಮ್ಮತ್ತೆ ಕೈ ಯಾರ ಕಡೆ ಹೋಗ್ತದೆ, ನೀನಾದ್ರೂ ನೋಡಿ ಹೇಳು" ಎಂದಳು.

"ನೀನು ಕೂತಿರೋ ಕಡೆಯಿಂದ ನೋಡಿದ್ರೆ ನಿನ್ನ ಹೊಟ್ಟೆಯುರಿಯೇ ಕಾಣೋದು, ಮಗಳೇ. ಅವಳ ದಿಂಬಿಗೆ ತಲೆಯಿಟ್ಟು ನೋಡು" ಎಂದಳು ಮುದುಕಿ.

ಸಾತವ್ವ ನಾಚಿಕೆ ಬಿಟ್ಟು ಅತ್ತೆಯ ಮಗ್ಗುಲಲ್ಲಿ ಮಲಗಿ, ಅವಳ ದಿಂಬಿಗೇ ತಲೆಯಿಟ್ಟು, ಎದ್ದ ಕೈಯ ನೇರಕ್ಕೆ ನೋಡಿದಳು. ಕೈ ಚೆಲುವಿಯ ತಲೆಯ ಮೇಲಿಂದ ಹೋಗಿ ಗೋಡೆಯಲ್ಲಿನ ದೀಪದ ಗೂಡನ್ನು ತೋರುತ್ತಿತ್ತು. ದೀಪ ಹಚ್ಚದೆ ವರುಷಗಳಾಗಿ ಗೂಡಿಗೆ ಜೇಡ ಬಲೆ ಕಟ್ಟಿತ್ತು. ಬಿದ್ದ ದಿನದಿಂದ ಆ ಜೀವ ಕೇಳುತ್ತಿದ್ದದ್ದು ವ್ರತವೊಂದನ್ನೇ. ಸಾತವ್ವ ಬೀಸುವ ಕಲ್ಲಿಗೆ ಹೋಗಿ ಕೂತ ದಿನ ಕೈ ಏಕೆ ಏಳಲಿಲ್ಲವೆಂದರೆ, ಅಂದು ಗಂಜಿ ಕುಡಿಸುವ ಚೆಲುವಿಯನ್ನು ಇವಳೇ ಹೊರಗೆ ಅಟ್ಟಿದ್ದರಿಂದ ಅತ್ತೆ ಹಸಿದು ನಿತ್ರಾಣಳಾಗಿದ್ದಳು. ಇದೆಲ್ಲ ಹೊಳೆದು ಸಾತವ್ವ, "ನಾನೇ ಕೊಂದೆನಲ್ಲ ಇವರ ಮಾತನ್ನ" ಎಂದು ನೆಲಕ್ಕೆ ಹಣೆ ಬಡಿದುಕೊಂಡಳು.

ಮುದುಕಿ ವ್ರತದ ವಿಧಿಯನ್ನು ಹೇಳಿದಳು. ತಪ್ಪಿಸಿದವಳೇ ಹಲಗೆ ಇಳಿಸಿ ಹಾಕಬೇಕು. ಸುಳ್ಳನ್ನು ಸಾಕ್ಷಿಗಳ ಮುಂದೆ ಒಪ್ಪಿಕೊಳ್ಳಬೇಕು. ಯಾರನ್ನು ಕಂಡರೆ ಹೊಟ್ಟೆ ಉರಿಯುವುದೋ ಅವರಿಗೆ ತನ್ನದರಲ್ಲಿ ಒಂದನ್ನು ಮೊದಲು ನುಡಿಯಬೇಕು. ಇಷ್ಟು ಹೇಳಿ ಆಕೆ ಹೊರಟಳು. ಬೀದಿಯಲ್ಲಿ ಅವಳ ಹೆಜ್ಜೆ ಕಾಣಲಿಲ್ಲ, ಅರಿಶಿನದ ಘಮ ಮಾತ್ರ ಇತ್ತು.

ತದಿಗೆಯ ಸಂಜೆ ಸಾತವ್ವ ಸುಣ್ಣದ ಗೆರೆಯನ್ನು ಸಗಣಿಯಿಂದ ಸಾರಿಸಿ, ಅತ್ತೆಯನ್ನು ಹಲಗೆಯ ಮೇಲೆ ತನ್ನ ಎದೆಗೆ ಒರಗಿಸಿ ಕೂರಿಸಿಕೊಂಡು, ಕೋಣದ ಕನಸು ಸುಳ್ಳೆಂದು ಎಲ್ಲರ ಮುಂದೆ ಹೇಳಿದಳು. ಗಂಡನು ತಲೆ ತಗ್ಗಿಸಿದನು. ಆಮೇಲೆ ಕೊರಳಲ್ಲಿದ್ದ ತನ್ನ ತವರಿನ ಚಿನ್ನದ ಅಡ್ಡಿಕೆಯನ್ನು ಮುಟ್ಟಿ ತೋರಿಸಿ, ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿ, ನಾಲ್ಕನೆಯ ಸಲ "ಇದು, ನಾನು ಕಣ್ಣು ಮುಚ್ಚಿದ ಮೇಲೆ, ಚೆಲುವಿಗೆ" ಎಂದಳು. ಆ ಮೂರು ಮಾತು ಮುಳ್ಳು ಕಿತ್ತಂತೆ ಬಂದವು. ಚೆಲುವಿ ಅಕ್ಷತೆ ಹಾಕಿ, "ಕೇಳಿದೆ ಅಕ್ಕಾ" ಎಂದಳು.

ಆ ಗಳಿಗೆಗೆ ಹೊನ್ನಾಜಮ್ಮನ ನಾಲಿಗೆ ಸಡಿಲವಾಯಿತು. ಎಲ್ಲರೂ ಬೆರಗಾಗಿ ನೋಡುತ್ತಿರಲು ಅವಳು ನುಡಿದಳು: "ಕೆಂಪು ಚೆಲುವಿಗೆ."

ಸಾತವ್ವನ ಮುಷ್ಟಿಯಲ್ಲಿ ಅಕ್ಷತೆ ಬೆವರಿಗೆ ಒದ್ದೆಯಾಯಿತು. ಹೆದರಿದ್ದೇ ಆಗಿತ್ತು. ವ್ರತ ಮಾಡಿಸಿದ್ದೂ ತಾನೇ, ಒರಗಿಸಿ ಹಿಡಿದಿದ್ದೂ ತಾನೇ, ಈ ಮಾತು ಬಿದ್ದದ್ದು ತನ್ನ ಕಿವಿಗೇ. ಎದ್ದುಹೋಗೋಣವೆಂದರೆ ಕೈ ಬಿಟ್ಟರೆ ಅತ್ತೆ ಬೀಳುವಳು. ಹಿಡಿದೇ ಕೂತಳು.

ಹೊನ್ನಾಜಮ್ಮ ಉಸಿರು ತೆಗೆದುಕೊಂಡು ಮುಂದಕ್ಕೆ ನುಡಿದಳು: "ಮನೆ, ಹಂಡೆ, ಕೊಟ್ಟಿಗೆ, ಬೀಗದ ಕೈ, ಗಿರಾಕಿಗಳ ಬಟ್ಟೆಬರೆ, ಎಲ್ಲದರ ಮೇಲ್ವಿಚಾರಣೆ ಸಾತವ್ವನಿಗೆ. ಗಂಡುಮಕ್ಕಳು ಇಬ್ಬರ ಮಾತು ಕೇಳಿ ದುಡಿಯೋದು. ಯಾಕೆ ಅಂತೀರಾ? ಕೆಂಪಿನ ಹಂಡೆ ಮುಂದೆ ಮೂರು ದಿನ ಅಲ್ಲಾಡದೆ ಕೂರಬೇಕು. ಸಾತವ್ವ ಮೂರು ಗಳಿಗೆ ಕೂರೋಳಲ್ಲ, ಯಾರು ಏನು ಎತ್ತಿಟ್ಟುಕೊಂಡ್ರೋ ಅಂತ ಹತ್ತು ಸಲ ಎದ್ದು ನೋಡ್ತಾಳೆ. ಹೊಟ್ಟೆಕಿಚ್ಚಿನೋಳ ಕೈಲಿ ಬೀಗದ ಕೈ ಇದ್ರೆ ಈ ಮನೆಯಿಂದ ಒಂದು ನೂಲಿನೆಳೆ ಆಚೆ ಹೋಗಲ್ಲ. ಮೊದಲನೇ ವರ್ಷವೂ ನಾನು ಇದನ್ನೇ ಹೇಳೋಳಿದ್ದೆ ಕಣೇ."

ನೆರೆಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಸಾತವ್ವನಿಗೆ ಮೈಯೆಲ್ಲ ಉರಿಯಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಅವಳಿಗೂ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಅತ್ತೆ ಇಷ್ಟು ದಿನ ನೋಡುತ್ತಿದ್ದದ್ದು ತನ್ನನ್ನೇ ಎಂದು ಅವಳಿಗೆ ಆಗ ತಿಳಿಯಿತು. ಅಕ್ಷತೆ ಹಾಕಿ, "ಕೇಳಿದೆ ಅತ್ತೆಮ್ಮಾ" ಎಂದಳು. ಹೊನ್ನಾಜಮ್ಮ ಚೆಲುವಿಯ ಕಿವಿಯಲ್ಲಿ ಕೆಂಪಿನ ಗುಟ್ಟು ಹೇಳಿ, ಏಳು ದಿನ ಎಲ್ಲರೊಡನೆ ಮಾತಾಡಿಕೊಂಡಿದ್ದು, ಎಂಟನೆಯ ದಿನ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಓಲೆಯಲ್ಲಿ ಇದ್ದಂತೆಯೇ ನಡೆಯಿತು. ಪಂಚರನ್ನು ಕರೆಯುವ ಕೆಲಸವೇ ಬೀಳಲಿಲ್ಲ.

ಮನೆ ಮೊದಲಿಗಿಂತ ಮಿಗಿಲಾಗಿ ಬೆಳಗಿತು. ಸಾತವ್ವನ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುವಿರಾದರೆ, ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಚೆಲುವಿ ಹೊಸ ಬಳೆ ತೊಟ್ಟರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಆದರೆ ಪ್ರತಿ ತದಿಗೆಗೂ ಹಲಗೆ ಹಾಕಿ, ಅಡ್ಡಿಕೆಯನ್ನು ಮುಟ್ಟಿ, ಚೆಲುವಿಯ ಹೆಸರನ್ನೇ ನುಡಿದಳು. ಬದಲಾಯಿಸುವ ಅಧಿಕಾರವಿದ್ದರೂ ಬದಲಾಯಿಸಲಿಲ್ಲ. ಅಂದು ರಾತ್ರಿ ಮಾತ್ರ ವರುಷಕ್ಕೊಮ್ಮೆ ಸುಖವಾಗಿ ನಿದ್ದೆ ಮಾಡುತ್ತಿದ್ದಳು.

ಈ ಕಥೆಯನ್ನು ಹೇಳಿದವರ ನಾಲಿಗೆ ಕೊನೆತನಕ ಹೊರಳಲಿ, ಕೇಳಿದವರ ಮನೆಯಲ್ಲಿ ಗೆರೆ ಬೀಳದಿರಲಿ, ಉರಿಯುವ ಹೊಟ್ಟೆಯವರಿಗೂ ತಾಯಿ ಒಂದು ಪಾಲು ಇಟ್ಟಿರಲಿ. ಹೊನ್ನಾಜಮ್ಮನಿಗೆ ಬಾಯಿ ಕೊಟ್ಟ ಗೌರಿ ಸಾತವ್ವನಿಗೆ ಕಿವಿ ಕೊಟ್ಟಂತೆ ನಮಗೂ ಕೊಡಲಿ. ಇನ್ನು ಈ ಮನೆಯ ಹಿರಿಯರು ನಾಳೆ ನಾಡಿದ್ದು ಅನ್ನದೆ ಈಗಲೇ ನುಡಿಯಲಿ. ಕಿರಿಯರು ಯಾರೂ ಬೇಡವೆಂದು ಅಳಬೇಡಿ.